ಬಾಗಿಲ ಕಾಯಿ

ಜುಲೈ 14, ಸೋಮವಾರ

ಇವತ್ತು ನನ್ನ ವಯಸ್ಸಿಗೆ ತಕ್ಕದ್ದಲ್ಲದ ಕೆಲಸವೊಂದನ್ನು ಮಾಡಿದ್ದೇನೆ. ಯಾರ ಮುಂದೆಯೂ ಹೇಳುವಂತಿಲ್ಲ, ಹೇಳದೆ ಇದ್ದರೆ ಹೊಟ್ಟೆಯಲ್ಲಿ ನಿಲ್ಲುವಂತಿಲ್ಲ. ಅದಕ್ಕೇ ಮಗಳು ಸಾಯಿಮಾ ಅರ್ಧ ಬರೆದು ಬಿಟ್ಟಿದ್ದ ನೋಟ್‌ಬುಕ್ ಹಿಡಿದು ಕೂತಿದ್ದೇನೆ. ಮನೆಯಲ್ಲಿ ನಮ್ಮದು ಉರ್ದು. ಆದರೆ ಶಾಲೆ ಕಲಿತದ್ದು ಕನ್ನಡದಲ್ಲಿ, ಬರೆಯಲು ನನಗೆ ಇದೇ ಸಲೀಸು. ನಮ್ಮವರಿಗೂ, ಅಂದರೆ ಗಂಡ ಇಜಾಜರಿಗೂ, ಕನ್ನಡ ಓದಲು ಬರುತ್ತದೆ, ಆದರೆ ನಮ್ಮ ಅಂಗಡಿಯ ಬಿಲ್ಲು ಬಿಟ್ಟು ಬೇರೇನನ್ನಾದರೂ ಓದಿದ್ದನ್ನು ಮದುವೆಯಾದಾಗಿನಿಂದ ನಾನು ಕಂಡಿಲ್ಲ.

ಶುರುವಾದದ್ದು ಕೇಕಿನಿಂದ. ಮೆಡಿಕಲ್ ಅಂಗಡಿಯವರ ಮಗನ ಹುಟ್ಟುಹಬ್ಬಕ್ಕೆ ಲೂಡೋ ಬೋರ್ಡಿನಂಥ ಕೇಕ್ ಬೇಕಂತೆ. ಮೇಲೆ ಸಕ್ಕರೆಯ ಕಾಯಿಗಳು, ಪಕ್ಕದಲ್ಲಿ ದಾಳದ ಆಕಾರದ ಬಿಸ್ಕೀಟು. ಸವಣೂರಿನಲ್ಲಿ ಇಂಥದ್ದನ್ನೆಲ್ಲ ಮನೆಯಲ್ಲೇ ಮಾಡಿಕೊಡುವವಳು ನಾನೊಬ್ಬಳೇ ಎಂಬ ಜಂಬ ನನಗಿದೆ, ಇರಲಿ. ಯಾವ ಮೂಲೆಗೆ ಯಾವ ಬಣ್ಣ ಎಂದು ನೋಡಲು ಸಾಯಿಮಾ ಅಂಗಡಿಯ ಹಳೆಯ ಫೋನಿನಲ್ಲಿ ಲೂಡೋ ಆಟ ಹಾಕಿಕೊಟ್ಟಳು. ನಿಮ್ಮ ಹತ್ತಿರದ ಆಟಗಾರರು ಇವರು ಎಂದು ಫೋನು ತಾನಾಗಿಯೇ ಒಂದಿಷ್ಟು ಮುಖಗಳನ್ನು ತೋರಿಸಿತು. ಅದರಲ್ಲೊಂದು ನನ್ನ ಅಕ್ಕನ ಮುಖ.

ಫರ್ಹತ ಆಪಾ, ಹಾನಗಲ್. ಅದೇ ದಪ್ಪ ಕನ್ನಡಕ, ಯಾರೋ ಸಾಲ ಕೇಳಲು ಬಂದಿದ್ದಾರೆ ಎನ್ನುವಂತೆ ಬಿಗಿದ ಅದೇ ತುಟಿ. ಮೊಬೈಲು ಹಿಡಿದ ಹೆಂಗಸರೆಲ್ಲ ಕೆಟ್ಟರು ಎಂದು ನಮಗೆ ಪಾಠ ಹೇಳುತ್ತಿದ್ದವಳು ಈಗ ಕೂತು ಲೂಡೋ ಆಡುತ್ತಾಳೆ.

ನಾವು ಮಾತು ಬಿಟ್ಟು ವರ್ಷದ ಮೇಲಾಯಿತು. ಕಾರಣ ಕೇಳಿದರೆ ಜನ ನಗಬೇಕು. ನಮ್ಮ ನಾನಿಯ, ಅಂದರೆ ತಾಯಿಯ ತಾಯಿಯ, ಪಚ್ಚೀಸಿ ಹಾಸು ನನ್ನ ಹತ್ತಿರ ಇದೆ, ಪಗಡೆ ಆಡುವ ಬಟ್ಟೆ, ಕೆಂಪು ಮಖಮಲ್ಲಿನ ಮೇಲೆ ಹಳದಿ ದಾರದಿಂದ ಮನೆಗಳನ್ನು ಹೊಲಿದದ್ದು. ಒಂದು ಕೇಕಿನ ಫೋಟೋ ಚೆಂದ ಬರಲಿ ಎಂದು ಅದನ್ನು ಕೆಳಗೆ ಹಾಸಿ, ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದ್ದೆ. ಚಾಕಲೇಟು ಹಾಸಿನ ನಾಲ್ಕು ತೋಳುಗಳಲ್ಲಿ ಒಂದರ ಮೇಲೆ ಸೋರಿತ್ತು. ನಾನು ನೋಡಿರಲಿಲ್ಲ, ಆಪಾ ನೋಡಿದಳು. ಫೋನ್ ಮಾಡಿ ಬಾಯಿಗೆ ಬಂದಂತೆ ಅಂದಳು. ನಾನೂ ಬಿಡಲಿಲ್ಲ, ಸತ್ತವರ ಬಟ್ಟೆ ಪೆಟ್ಟಿಗೆಯಲ್ಲಿ ಕೊಳೆಯುವ ಬದಲು ನಾಲ್ಕು ಜನರ ಕಣ್ಣಿಗೆ ಬೀಳಲಿ ಎಂದೆ. ಆಮೇಲೆ ಆಕೆ ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ಒಂದು ಬಟ್ಟೆಯ ತುಂಡಿಗೆ ಇಷ್ಟೆಲ್ಲ.

ಈಗ ಮಾಡಿದ ಕೆಲಸ ಹೇಳುತ್ತೇನೆ. ಹೊಲಿಗೆ ಕ್ಲಾಸಿನಲ್ಲಿ ನನ್ನ ಜೊತೆ ಸುಜಾತಾ ಎಂಬವಳಿದ್ದಳು, ಚಿಕ್ಕೇರೂರಿನವಳು. ಆಕೆಯ ಹೆಸರು, ಊರು ಎರಡನ್ನೂ ಕೇಳದೆ ಎತ್ತಿಕೊಂಡೆ. ಫೋಟೋದ ಜಾಗದಲ್ಲಿ ಒಂದು ದಾಸವಾಳ ಇಟ್ಟೆ. ಆಪಾನಿಗೆ ಆಟಕ್ಕೆ ಕರೆ ಕಳಿಸಿದೆ. ಚಿಕ್ಕಂದಿನಲ್ಲಿ ಒಂದು ಆಟವನ್ನೂ ಬಿಟ್ಟುಕೊಟ್ಟವಳಲ್ಲ ಆಕೆ. ಒಮ್ಮೆಯಾದರೂ ಆಕೆಗೆ ಮಣ್ಣು ಮುಕ್ಕಿಸಬೇಕು, ಯಾರು ಮುಕ್ಕಿಸಿದರು ಎಂದು ಆಕೆಗೆ ಗೊತ್ತಾಗಬಾರದು. ನನಗೆ ಬೇಕಾದದ್ದು ಅಷ್ಟೇ.

ಜುಲೈ 16, ಬುಧವಾರ

ಮುಕ್ಕಿಸಿದೆ.

ಕೇಕ್ ಓವನ್ನಿನಲ್ಲಿಟ್ಟು ಕೂತಿದ್ದೆ, ಮಧ್ಯಾಹ್ನದ ನಮಾಜು ಮುಗಿದ ಹೊತ್ತು. ಆಪಾ ಕರೆಗೆ ಒಪ್ಪಿದಳು. ಆಟ ಬಿಗಿಯಾಗಿತ್ತು. ಆಕೆಯ ಕೊನೆಯ ಕಾಯಿ ಸುತ್ತು ಹಾಕಿ ಬಂದು ತನ್ನ ಮನೆಯ ಬಾಗಿಲಲ್ಲಿ ನಿಂತಿತ್ತು, ಅಂದರೆ ತೋಳಿನ ತುದಿಯ ನಡುಮನೆಯಲ್ಲಿ. ಇನ್ನೊಂದು ಹೆಜ್ಜೆ ಒಳಗೆ ಹೋದರೆ ಯಾರೂ ಮುಟ್ಟುವಂತಿಲ್ಲ. ನನಗೆ ಸರಿಯಾಗಿ ಅದನ್ನು ಕಡಿಯುವಷ್ಟೇ ಬಿತ್ತು. ಬೆರಳು ತಾನಾಗಿಯೇ ಬೇರೆ ಕಾಯಿಗೆ ಹೋಯಿತು. ನಡೆಸಿಯೂ ಆದ ಮೇಲೆ ನಾಲಿಗೆ ಕಚ್ಚಿಕೊಂಡೆ. ನಾನಿಯ ಕಾಲದ ಅಭ್ಯಾಸ, ಹಾಳಾದ್ದು. ಬಾಗಿಲಿಗೆ ಬಂದವರನ್ನು ಹೊಡೆದು ಕಳಿಸಬಾರದು ಎಂದು ನಾನಿ ನಮಗೆ ಆ ಮನೆಯಲ್ಲಿ ಕಡಿಯಲು ಬಿಡುತ್ತಿರಲಿಲ್ಲ. ಆಗ ಅತ್ತು ಕರೆದು ಜಗಳಾಡುತ್ತಿದ್ದೆವು. ಈಗ ಫೋನಿನಲ್ಲಿ, ಯಾರೂ ತಡೆಯದಿದ್ದರೂ ಬಿಟ್ಟೆ.

ಆದರೂ ಗೆದ್ದೆ. ಆಪಾ ಬಹಳ ಹೊತ್ತು ಏನೂ ಬರೆಯಲಿಲ್ಲ. ಸಿಟ್ಟು ಬಂದಿರಬೇಕು ಎಂದು ಖುಷಿಪಟ್ಟೆ. ಆಮೇಲೆ ಕನ್ನಡದಲ್ಲಿ ಬಂತು: "ಚಲೋ ಆಡ್ತೀರಿ. ಯಾವೂರ್ರಿ ನಿಮ್ದು?"

ಚಿಕ್ಕೇರೂರು, ಶಾಲೆ ಟೀಚರು ಎಂದೆ. ಟೀಚರು ಎಂಬುದು ಎಲ್ಲಿಂದ ಬಂತೋ ಗೊತ್ತಿಲ್ಲ. ನನ್ನ ಎಸ್ಸೆಸ್ಸೆಲ್ಸಿಯ ಅಂಕ ನೋಡಿದವರು ಯಾರೂ ನನ್ನನ್ನು ಶಾಲೆಯ ಗೇಟಿನೊಳಗೆ ಬಿಡುವುದಿಲ್ಲ.

ಜುಲೈ 22, ಮಂಗಳವಾರ

ದಿನಾ ಮಧ್ಯಾಹ್ನ ಒಂದು ಆಟ ಎಂಬಂತಾಗಿದೆ. ಆಪಾ ಬೆರಳಿನಿಂದ ಬರೆಯುವುದಿಲ್ಲ, ಬಾಯಿಂದ ಹೇಳುತ್ತಾಳೆ, ಫೋನು ಬರೆದುಕೊಳ್ಳುತ್ತದೆ. ಅರ್ಧ ತಪ್ಪು ಬರೆದರೂ ಆಕೆಯ ದನಿ ಕೇಳಿದಂತೆಯೇ ಆಗುತ್ತದೆ.

ಸುಜಾತಾ ಟೀಚರ ಸಂಸಾರವೂ ಬೆಳೆಯುತ್ತಿದೆ. ಬಸವೇಶ ಎಂಬ ಗಂಡ ಹುಟ್ಟಿದ್ದಾನೆ, ಕರೆಂಟಿನ ಆಫೀಸಿನಲ್ಲಿ ಕೆಲಸ. ಇಬ್ಬರು ಮಕ್ಕಳು. ಮಕ್ಕಳಿಗೆ ಏನು ಹುಚ್ಚು ಎಂದು ಆಪಾ ಕೇಳಿದಾಗ ನಮ್ಮ ಅಂಗಡಿಯ ಮುಂದೆ ನಿಲ್ಲುವ ಹುಡುಗರನ್ನೇ ನೋಡಿ ಬರೆದೆ. ಚಿಪ್ಸಿನ ಪೊಟ್ಟಣದಲ್ಲಿ ಬರುವ ಆಟದ ಕಾರ್ಡು, ವಿಡಿಯೋ ಗೇಮಿನ ಗೊಂಬೆ ಇರುವ ಕೀಚೈನು, ಎರಡು ಸಲ ಬಂದದ್ದನ್ನು ಇನ್ನೊಬ್ಬರಿಗೆ ಕೊಟ್ಟು ಇಲ್ಲದ್ದನ್ನು ತೆಗೆದುಕೊಳ್ಳುವುದು. ನಮ್ಮವರು ಆ ಹುಡುಗರನ್ನು ಓಡಿಸುವುದಿಲ್ಲ, ಕಟ್ಟೆಯ ಮೇಲೆ ಜಾಗ ಮಾಡಿ ಕೊಡುತ್ತಾರೆ. ಅದನ್ನೂ ಬರೆದು, ಅಂಗಡಿ ಯಾರದ್ದೋ ಎಂಬಂತೆ ಮಾಡಿದೆ. ಆಪಾ ನಗುವ ಗೊಂಬೆ ಕಳಿಸಿದಳು.

ನಿನ್ನೆ ನನ್ನ ಕಾಯಿ ಬಾಗಿಲಲ್ಲಿತ್ತು. ಆಪಾ ಕಡಿಯಬಹುದಿತ್ತು, ಕಡಿಯಲಿಲ್ಲ. ಆಕೆಗೂ ಅಭ್ಯಾಸ ಹೋಗಿಲ್ಲ. ಯಾಕೋ ಎದೆ ಬೆಚ್ಚಗಾಯಿತು.

ಇವತ್ತು ಆಟದ ನಡುವೆ ತಾನಾಗಿಯೇ ಹೇಳಿದಳು. "ನನಗ ಒಬ್ಬಾಕಿ ತಂಗಿ ಅದಾಳ್ರಿ ಟೀಚರ್, ಸವಣೂರಾಗ. ಕೇಕ್ ಮಾಡ್ತಾಳ. ಭಾಳ ಚಂದ ಮಾಡ್ತಾಳ."

ನಾನು ಏನು ಬರೆಯಲಿ? ಹೌದೇನ್ರಿ ಎಂದು ಬರೆದೆ. ಅಷ್ಟರಲ್ಲಿ ಒಳಗೆ ದಾಳದ ಬಿಸ್ಕೀಟುಗಳು ಕರ್ರಗಾಗಿದ್ದವು. ಎಲ್ಲವನ್ನೂ ಹೊಸದಾಗಿ ಕಲಸಬೇಕಾಯಿತು. ಕಲಸುತ್ತಾ ಕಲಸುತ್ತಾ ನನ್ನ ಮೇಲೆ ನನಗೇ ಅಸಹ್ಯವಾಯಿತು. ಆಕೆ ಬೇರೆಯವರ ಮುಂದೆ ನನ್ನನ್ನು ಹೊಗಳುತ್ತಾಳೆ, ನಾನು ಬೇರೆಯವಳ ಮುಖ ಹಾಕಿಕೊಂಡು ಕೇಳಿಸಿಕೊಳ್ಳುತ್ತೇನೆ.

ಜುಲೈ 29, ಮಂಗಳವಾರ

ಪಂಚಮಿ. ಪಕ್ಕದ ಮನೆಯ ಅನ್ನವ್ವ ಶೇಂಗಾ ಉಂಡಿ, ತಂಬಿಟ್ಟು ತಂದುಕೊಟ್ಟಳು. ಪಂಚಮಿಯ ದಿನ ಪಗಡೆ ಆಡದಿದ್ದರೆ ಆಕೆಗೆ ಹಬ್ಬವೇ ಅಲ್ಲ. ಆಕೆಯ ಮನೆಯ ರಟ್ಟಿನ ಬೋರ್ಡು ಹರಿದಿತ್ತು. ನಿಮ್ಮ ಮನೆಯಲ್ಲಿ ಹಾಸು ಇತ್ತಲ್ಲ ಎಂದು ಕೇಳಿದಳು. ಪೆಟ್ಟಿಗೆಯಿಂದ ತೆಗೆದೆ. ಜಗಳವಾದ ಮೇಲೆ ಇವತ್ತೇ ಅದನ್ನು ಬಿಚ್ಚಿದ್ದು.

ಕಲೆ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಿತ್ತು. ಒಂದು ತೋಳಿನ ತುದಿ ಪೂರ್ತಿ ಕಂದಿ, ಗಟ್ಟಿಯಾಗಿ ಹೋಗಿದೆ. ಇದರ ಮ್ಯಾಲೆ ಏನು ಚೆಲ್ಲೀರಿ ಎಂದು ಅನ್ನವ್ವ ಕೇಳಿದಳು. ನಾನು ಕವಡೆ ಹುಡುಕತೊಡಗಿದೆ.

ಆಡುವಾಗ ಅನ್ನವ್ವ ನನ್ನ ಬಾಗಿಲ ಕಾಯಿಯನ್ನು ಕಟಕ್ಕನೆ ಕಡಿದಳು. ಅಲ್ಲಿ ಕಡಿಯುವಂತಿಲ್ಲ ಎಂದೆ. ಆಕೆ ಹೊಟ್ಟೆ ಹಿಡಿದು ನಕ್ಕಳು. ಇಷ್ಟು ವರ್ಷ ಎಷ್ಟೋ ಮನೆಯಲ್ಲಿ ಆಡಿದ್ದಾಳಂತೆ, ಇಂಥ ಕಾನೂನು ಎಲ್ಲಿಯೂ ಕೇಳಿಲ್ಲವಂತೆ. ಅಲ್ಲೇ ಕಡಿಯುವುದರಲ್ಲಿ ಆಟದ ಮಜಾ ಇರುವುದು ಎಂದಳು.

ಆಕೆ ಹೋದ ಮೇಲೆ ಒಂದು ಬಟ್ಟಲಲ್ಲಿ ಬೆಚ್ಚಗಿನ ನೀರು, ಸೋಪಿನ ಪುಡಿ ಹಾಕಿಕೊಂಡು ಕಲೆ ಉಜ್ಜುತ್ತಾ ಕೂತೆ. ಸ್ವಲ್ಪ ಬಿಟ್ಟಿತು. ಮೊದಲ ದಿನ ಬರೆಯುವಾಗ ಒಂದು ಮಾತು ಬಿಟ್ಟಿದ್ದೆ. ಅಮ್ಮಿ ತೀರಿಕೊಂಡಾಗ ಈ ಹಾಸು ದೊಡ್ಡ ಮಗಳಿಗೆ ಹೋಗಬೇಕಿತ್ತು. ಆಪಾ ತಾನೇ ಮಡಚಿ ನನ್ನ ಕೈಗೆ ಕೊಟ್ಟಿದ್ದಳು. ನಾನಿ ಸತ್ತಾಗ ಎಲ್ಲರಿಗಿಂತ ಹೆಚ್ಚು ಅತ್ತವಳು ನೀನು, ನುಜ್ಜು, ನೀನೇ ಇಟ್ಟುಕೋ ಎಂದಿದ್ದಳು. ನಾನು ಅದರ ಮೇಲೆ ಕೇಕ್ ಇಟ್ಟೆ.

ಆಗಸ್ಟ್ 4, ಸೋಮವಾರ

ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಆಟ ಇನ್ನೂ ಅರ್ಧವೂ ಆಗಿರಲಿಲ್ಲ. ಆಪಾ ದಾಳ ಹಾಕುವುದನ್ನು ನಿಲ್ಲಿಸಿದಳು. ನೆಟ್‌ವರ್ಕ್ ಹೋಯಿತೆಂದುಕೊಂಡೆ. ಆಮೇಲೆ ಬಂತು: "ಟೀಚರ್, ಒಂದು ಮಾತು ಹೇಳ್ಲೇನ್ರಿ? ನನ್ನ ಎದ್ಯಾಗ ಒಂದು ಗಂಟು ಆಗೇತಿ. ಮೊಹರಮ್ ಮುಂದ ಕೈಗೆ ಹತ್ತಿತ್ತು. ಯಾರಿಗೂ ಹೇಳಿಲ್ಲ."

ಫೋನು ಮೈದಾದ ಡಬ್ಬಿಯೊಳಗೆ ಬಿತ್ತು. ತೆಗೆದು ಒರೆಸಿಕೊಂಡು, ಸುಜಾತಾಳಾಗಿಯೇ ಬರೆದೆ. ಕೂಡಲೇ ಡಾಕ್ಟರಿಗೆ ತೋರಿಸಿ ಎಂದೆ. ಮನೆಯವರಿಗೆ ಹೇಳಿ ಎಂದೆ. ಆಪಾನ ಗಂಡ ಸಿರಾಜುದ್ದೀನ ಭಾಯಿ ಟೆಂಪೋ ಹೊಡೆಯುತ್ತಾರೆ, ಅರ್ಧ ವಾರ ಊರಲ್ಲಿರುವುದಿಲ್ಲ. ಅವರಿಗೆ ಹೇಳಿದರೆ ಗಾಬರಿಯಾಗಿ ಗಾಡಿ ಎಲ್ಲಾದರೂ ಗುದ್ದುತ್ತಾರೆ ಎಂದಳು. ಮತ್ತೆ ಬರೆದಳು: "ದವಾಖಾನಿಗೆ ಜೋಡಿ ಬರಾಕ ಯಾರೂ ಇಲ್ರಿ ನನಗ."

ಹೇಗಾದರೂ ಹೋಗಿ, ತಡ ಮಾಡಬೇಡಿ ಎಂದೆ. ಟೀಚರು ಹೇಳುವ ಮಾತು. ಬಾಯಿಯ ತುದಿಯ ಮಾತು.

ನಾನಿ ಸತ್ತದ್ದೂ ಎದೆಯಲ್ಲಿ ಗಂಟಾಗಿಯೇ. ಆಪಾನಿಗೂ ಗೊತ್ತು, ನನಗೂ ಗೊತ್ತು. ಸುಜಾತಾಳಿಗೆ ಗೊತ್ತಿರುವಂತಿಲ್ಲ.

ಆಗಸ್ಟ್ 5, ಮಂಗಳವಾರ

ಆಡಲಿಲ್ಲ. ಏನೂ ಮಾಡಲಿಲ್ಲ.

ಆಗಸ್ಟ್ 8, ಶುಕ್ರವಾರ

ಇವತ್ತು ಬಸ್ ಸ್ಟ್ಯಾಂಡಿನವರೆಗೂ ಹೋಗಿದ್ದೆ. ಬಂಕಾಪುರದ ಬಸ್ ನಿಂತಿತ್ತು, ಅಲ್ಲಿಂದ ಹಾನಗಲ್ಲಿಗೆ ಇನ್ನೊಂದು. ಕಂಡಕ್ಟರ್ ಬರ್ರಿ ಬರ್ರಿ ಎಂದು ಕರೆದ. ಹತ್ತಲಿಲ್ಲ. ಕೊತ್ತಂಬರಿ ಕೊಂಡು ವಾಪಸು ಬಂದೆ.

ಹೋಗಿ ಏನೆಂದು ಹೇಳಲಿ? ನಿನಗೆ ಗಂಟಾಗಿದೆಯಂತೆ ಎಂದರೆ, ಯಾರು ಹೇಳಿದರು ಎಂದು ಕೇಳುತ್ತಾಳೆ. ಜಗತ್ತಿನಲ್ಲಿ ಒಬ್ಬ ಟೀಚರಿಗೆ ಮಾತ್ರ ಹೇಳಿದ್ದಾಳೆ. ಗಂಡನಿಗೂ ಹೇಳದ ಮಾತನ್ನು ಗುರುತಿಲ್ಲದವಳನ್ನು ನಂಬಿ ಹೇಳಿದಳು, ಆ ಗುರುತಿಲ್ಲದವಳು ನಾನೇ ಎಂದು ಗೊತ್ತಾದರೆ ಜನ್ಮದಲ್ಲಿ ನನ್ನ ಮುಖ ನೋಡುವುದಿಲ್ಲ. ಆಕೆಯನ್ನು ಸೋಲಿಸಿ ನಗಬೇಕೆಂದು ಶುರು ಮಾಡಿದ್ದೆ ಎಂಬುದೂ ಗೊತ್ತಾಗುತ್ತದೆ. ಈ ಸಲ ಬಟ್ಟೆಯ ತುಂಡಿನ ಜಗಳವಲ್ಲ.

ಮಧ್ಯಾಹ್ನ ಆಡಿದೆವು. ಹಾನಗಲ್ಲಿನ ದೊಡ್ಡ ದವಾಖಾನೆಗೆ ಲೇಡಿ ಡಾಕ್ಟರು ಯಾವ ದಿನ ಬರುತ್ತಾರೆಂದು ವಿಚಾರಿಸಿ ಬರೆದು ಕಳಿಸಿದೆ. ನೋಡೋಣ ಎಂದಳು. ಅಷ್ಟೇ. ಹೆಚ್ಚು ಮಾತಾಡಲಿಲ್ಲ.

ಆಟದ ಕೊನೆಗೆ ನನ್ನ ಕಾಯಿ ಬಾಗಿಲಿಗೆ ಬಂದಿತ್ತು. ಆಪಾ ಕಡಿದಳು. ಬೇರೆ ಕಾಯಿ ನಡೆಸುವ ದಾರಿ ಇತ್ತು, ಆದರೂ ಕಡಿದಳು.

ಬೇಸರ ಮಾಡಿಕೊಳ್ಳಲು ಏನಿದೆ? ಅದು ಸುಜಾತಾಳ ಕಾಯಿ, ನನ್ನದಲ್ಲ. ನಾನಿಯ ಕಾನೂನು ಅಕ್ಕ ತಂಗಿಯರ ನಡುವಿನದು. ಆದರೂ ಆಟ ಮುಚ್ಚಿದ ಮೇಲೆ ಅಡುಗೆಮನೆಯಲ್ಲಿ ನಿಂತು ಅತ್ತೆ. ಈರುಳ್ಳಿ ಹೆಚ್ಚುತ್ತಿದ್ದೀಯಾ ಎಂದು ಸಾಯಿಮಾ ಕೇಳಿದಳು. ಹೌದು ಎಂದೆ. ಇತ್ತೀಚೆಗೆ ಸುಳ್ಳು ನೀರು ಕುಡಿದಷ್ಟು ಸಲೀಸಾಗಿದೆ ನನಗೆ.

ಆಗಸ್ಟ್ 12, ಮಂಗಳವಾರ

ಶಾಲೆಯೊಂದಕ್ಕೆ ಕೇರಂ ಬೋರ್ಡಿನ ಕೇಕ್ ಒಪ್ಪಿಕೊಂಡಿದ್ದೇನೆ, ಆಗಸ್ಟ್ ಹದಿನೈದಕ್ಕೆ. ಕರಿ ಬಿಳಿ ಕಾಯಿಗಳನ್ನು ಬಿಸ್ಕೀಟಿನಿಂದ ಮಾಡಿದೆ, ನಡುವೆ ಕೆಂಪು ರಾಣಿ. ಚೆಂದ ಬಂತು. ಫೋಟೋ ತೆಗೆಯಲು ಮನಸ್ಸಾಗಲಿಲ್ಲ.

ಊಟಕ್ಕೆ ಕೂತಾಗ ನಮ್ಮವರ ಮುಂದೆ ಅರ್ಧ ಬಾಯಿಬಿಟ್ಟೆ. ಆಪಾನಿಗೆ ಆರಾಮಿಲ್ಲವಂತೆ ಎಂದೆ. ಇಜಾಜ ಕೈ ತಡೆದು ಕೇಳಿದರು, ಯಾರು ಹೇಳಿದರು ಎಂದು. ಹಿಂಗೇ ಕೇಳಿದೆ ಎಂದೆ. ಸಿರಾಜುದ್ದೀನ ಭಾಯಿಗೆ ಈಗಲೇ ಫೋನ್ ಮಾಡುತ್ತೇನೆ ಎಂದು ಫೋನು ತೆಗೆದೇಬಿಟ್ಟರು. ಬೇಡ ಬೇಡ ಎಂದು ಕೈ ಹಿಡಿದೆ. ಅವರಿಗೆ ಅಚ್ಚರಿಯಾಯಿತು. ಮುಖ ನೋಡಿ, ಮತ್ತೆ ಅನ್ನ ಕಲಸಿಕೊಂಡರು.

ಆ ಒಂದು ಫೋನು ಸಾಕಿತ್ತು. ಭಾಯಿಗೆ ಗೊತ್ತಾಗುತ್ತಿತ್ತು, ಆಪಾ ಇಷ್ಟು ಹೊತ್ತಿಗೆ ಡಾಕ್ಟರ ಮುಂದೆ ಕೂತಿರುತ್ತಿದ್ದಳು. ಅದನ್ನು ತಡೆದವಳು ನಾನು. ಅಕ್ಕನ ಜೀವಕ್ಕಿಂತ ನನ್ನ ಮಾನ ನನಗೆ ಹೆಚ್ಚಾಯಿತು. ಇದನ್ನು ಬರೆದು ಮತ್ತೆ ಓದಿದೆ. ಹೊಡೆದುಹಾಕೋಣ ಎನ್ನಿಸಿತು. ಹಾಕಲಿಲ್ಲ, ಇರಲಿ.

ಹಾಸನ್ನು ಮತ್ತೆ ತೊಳೆದೆ. ನೆರಳಿನಲ್ಲಿ ಒಣಗಿಸಿದ್ದೇನೆ. ಇಸ್ತ್ರಿ ಹಾಕುವಂತಿಲ್ಲ, ಮಖಮಲ್ಲು ಸುಟ್ಟೀತು.

ಆಗಸ್ಟ್ 16, ಶನಿವಾರ

ಆಪಾ ಮೂರು ದಿನದಿಂದ ಆಟಕ್ಕೆ ಬಂದಿಲ್ಲ. ಆಕೆಯ ಹೆಸರಿನ ಪಕ್ಕದ ಹಸಿರು ಚುಕ್ಕೆ ಆರಿದೆ. ಕರೆ ಕಳಿಸಿದೆ, ಉತ್ತರವಿಲ್ಲ. ಹೇಗಿದ್ದೀರಿ ಎಂದು ಬರೆದೆ, ನೋಡಿಯೇ ಇಲ್ಲ.

ಇವತ್ತು ಒಂದು ಕೇಕಿಗೆ ಸಕ್ಕರೆ ಹಾಕುವುದನ್ನೇ ಮರೆತೆ. ಮುಂದಿನದಕ್ಕೆ ಎರಡು ಸಲ ಹಾಕಿದೆ.

ಇನ್ನು ತಡೆಯಲಾರೆ. ಮುಖ ನೋಡದಿದ್ದರೆ ನೋಡದಿರಲಿ. ಬಾಗಿಲು ಹಾಕಿಕೊಂಡರೆ ಹೊರಗೆ ಕೂಡುತ್ತೇನೆ. ನಾಳೆ ಮದುವೆಯ ಕೇಕ್ ಕೊಟ್ಟು ಮುಗಿಸಬೇಕು, ನಾಡಿದ್ದು ಮೊದಲ ಬಸ್ಸಿಗೆ ಹೋಗುತ್ತೇನೆ.

ಇದನ್ನು ಬರೆದ ಮೇಲೆ ನೆನಪಾಯಿತು. ಮದುವೆಯ ಕೇಕನ್ನು ಸಾಯಿಮಾ ಕೊಟ್ಟು ಬರಬಹುದು. ನಾಳೆಯೇ ಹೋಗುತ್ತೇನೆ.

ಆಗಸ್ಟ್ 17, ಭಾನುವಾರ

ಹಾನಗಲ್ಲಿನಲ್ಲಿದ್ದೇನೆ. ಆಪಾ ಒಳಗೆ ಮಲಗಿದ್ದಾಳೆ. ಆಕೆಯ ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಬರುವಾಗ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡೇ ಬಂದೆ. ನಿನ್ನ ನೆನಪಾಯಿತು, ಕನಸು ಬಿತ್ತು, ಬಂದುಬಿಟ್ಟೆ ಎಂದು ಹೇಳುವುದು. ಆಮೇಲೆ ಮೈ ಸೊರಗಿದೆಯಲ್ಲ ಎಂದು ಶುರು ಮಾಡಿ ಹೇಗಾದರೂ ದವಾಖಾನೆಗೆ ಎಳೆದುಕೊಂಡು ಹೋಗುವುದು. ಬಸ್ಸಿಳಿಯುವ ಹೊತ್ತಿಗೆ ಕನಸು ಕೂಡ ತಯಾರಾಗಿತ್ತು, ನಾನಿ ಬಂದು ಕರೆದಂತೆ.

ಬಾಗಿಲು ಬಡಿದೆ. ಆಪಾ ತೆಗೆದಳು. ತೆಳ್ಳಗಾಗಿದ್ದಾಳೆ, ಕನ್ನಡಕ ಮೂಗಿನ ಮೇಲೆ ನಿಲ್ಲುತ್ತಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನಮ್ಮಿಬ್ಬರ ನಡುವೆ ಹುಟ್ಟಿದಾಗಿನಿಂದ ಉರ್ದು ಬಿಟ್ಟು ಬೇರೆ ಮಾತಿಲ್ಲ. ಆಕೆ ಕನ್ನಡದಲ್ಲಿ ಹೇಳಿದಳು:

"ಬರ್ರಿ ಟೀಚರ್. ಭಾಳ ತಡಾ ಮಾಡಿದ್ರಿ."

ನನ್ನ ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು. ಕನಸು, ನೆನಪು, ಜೋಡಿಸಿಕೊಂಡ ಮಾತು ಎಲ್ಲ ಅಲ್ಲಿಯೇ ಮುಗಿಯಿತು. ಆಪಾ ಬಗ್ಗಿ ಚೀಲ ಎತ್ತಿಕೊಂಡು ಒಳಗೆ ನಡೆದಳು. ನಾನು ಹಿಂದೆ ಹೋದೆ. ಚಾಪೆ ಹಾಸಿದಳು, ನೀರು ಕೊಟ್ಟಳು. ಆಮೇಲೆ ಒಂದಾದ ಮೇಲೊಂದು ಹೇಳಿದಳು. ಈಗ ಇಬ್ಬರೂ ಟೀಚರನ್ನು ಬಿಟ್ಟು ನಮ್ಮ ಮಾತಿಗೆ, ಉರ್ದುವಿಗೆ, ಬಂದಿದ್ದೆವು. ಆಕೆ ಅಂದದ್ದನ್ನು ಇಲ್ಲಿ ಕನ್ನಡದಲ್ಲೇ ಇಡುತ್ತೇನೆ.

"ಮೊದಲನೇ ದಿನಾನ ಗೊತ್ತಾತು. ಬಾಗಲಾಗಿನ ಕಾಯಿ ಬಿಟ್ಟಿ ನೋಡು, ಆವಾಗ. ನಾನಿ ಮೊಮ್ಮಕ್ಕಳನ್ನ ಬಿಟ್ಟು ಅದನ್ನ ಯಾರು ಬಿಡ್ತಾರ?"

ಗೊತ್ತಿದ್ದೂ ಯಾಕೆ ಆಡಿದಿ ಎಂದು ಕೇಳಿದೆ. ಟೀಚರ ಸುಳ್ಳು ಕೇಳಲು ಮಜಾ ಬರುತ್ತಿತ್ತಂತೆ. ಕರೆಂಟಿನ ಆಫೀಸಿನ ಬಸವೇಶನ ಬಗ್ಗೆ ಓದಿ ಒಬ್ಬಳೇ ನಗುತ್ತಿದ್ದಳಂತೆ. ತಂಗಿ ಮಾತಾಡದಿದ್ದರೂ ಆಟಕ್ಕಾದರೂ ಬಂದಳಲ್ಲ ಎಂದುಕೊಂಡಳಂತೆ. ನಾನು ತಲೆ ತಗ್ಗಿಸಿ ಕೇಳುತ್ತಿದ್ದೆ. ಎಲ್ಲಕ್ಕಿಂತ ದೊಡ್ಡ ಮಾತು ಇನ್ನೂ ಬಂದಿರಲಿಲ್ಲ. ಅದನ್ನು ನಾನೇ ಕೇಳಿದೆ. ಹಾಗಾದರೆ ಗಂಟಿನ ವಿಷಯ ಟೀಚರಿಗೆ ಹೇಳಿದೆಯಲ್ಲ?

ಆಪಾ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು.

"ಗುರ್ತ ಇಲ್ಲದಾಕಿಗೆ ಇಂಥಾದ್ದು ಹೇಳ್ತೇನೇನು ನಾ? ನಿನಗ ಹೇಳಿದ್ದೆ, ನುಜ್ಜು. ಹೇಳಿ, ಮರುದಿನದಿಂದ ಬಾಗಲಾ ನೋಡ್ಕೋತ ಕುಂತಿದ್ದೆ."

ನೀನೇ ಒಂದು ಫೋನ್ ಮಾಡಬಹುದಿತ್ತಲ್ಲ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಆಕೆಯ ಜಾಗದಲ್ಲಿ ನಾನಿದ್ದರೂ ಮಾಡುತ್ತಿರಲಿಲ್ಲ. ಜೋಡಿ ಬರಲು ಯಾರೂ ಇಲ್ಲ ಎಂದು ಅಷ್ಟು ಬಿಡಿಸಿ ಹೇಳಿದ್ದಳು. ಹಟಮಾರಿ ಅಕ್ಕ ಅದಕ್ಕಿಂತ ಹೆಚ್ಚು ಬಗ್ಗುವುದು ಹೇಗೆ? ನಾನು ಲೇಡಿ ಡಾಕ್ಟರು ಬರುವ ದಿನ ಬರೆದು ಕಳಿಸಿದೆ.

ಬಾಗಿಲ ಕಾಯಿ ಕಡಿದದ್ದು ಆವತ್ತೇ. ಸಿಟ್ಟು ಬಂದಿತ್ತು ಎಂದಳು. ಆಮೇಲೆ ನಾನು ಬರುವುದಿಲ್ಲ ಎಂದು ಖಾತ್ರಿಯಾಗಿ ಆಟವನ್ನೇ ತೆಗೆದುಹಾಕಿದಳಂತೆ.

ಹೇಳುವುದು ಮುಗಿದ ಮೇಲೆ ನನ್ನ ಕೈ ಹಿಡಿದು ಗಂಟಿನ ಮೇಲೆ ಇಟ್ಟಳು. ಅಡಿಕೆಯಷ್ಟಿದೆ, ಗಟ್ಟಿ, ಸರಿಯುವುದಿಲ್ಲ. ನಾನಿಯದೂ ಹೀಗೇ ಇತ್ತೇನೋ. ಆಗ ನಾವ್ಯಾರೂ ಮುಟ್ಟಿ ನೋಡಿರಲಿಲ್ಲ.

ಆಗಸ್ಟ್ 19, ಮಂಗಳವಾರ

ಹುಬ್ಬಳ್ಳಿಯ ದವಾಖಾನೆ. ಭಾಯಿಗೆ ನಿನ್ನೆ ನಾನೇ ಹೇಳಿದೆ. ಗಾಡಿ ಗುದ್ದಲಿಲ್ಲ. ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಿ, ಕೀಲಿ ಹಿಡಿದುಕೊಂಡು ಬಹಳ ಹೊತ್ತು ಕಟ್ಟೆಯ ಮೇಲೆ ಕೂತಿದ್ದರು.

ಡಾಕ್ಟರಮ್ಮ ಪರೀಕ್ಷೆ ಮಾಡುವಾಗ ಆಪಾ ನನ್ನ ಬೆರಳು ಬಿಡಲಿಲ್ಲ. ಸೂಜಿ ಹಾಕಿ ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದರು. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಡಾಕ್ಟರಮ್ಮ ಬಿರುಸಾಗಿಯೇ ಕೇಳಿದರು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲವೇ ಎಂದು ನನ್ನ ಕಡೆ ನೋಡಿದರು. ನಾನು ಬಾಯಿ ತೆಗೆಯುವಷ್ಟರಲ್ಲಿ ಆಪಾ ಮುಂದಾದಳು.

"ಯಾರಿಗೂ ಹೇಳಿದ್ದಿಲ್ರಿ. ನನ್ನ ತಂಗಿಗೆ ಮೊನ್ನೆ ಗೊತ್ತಾತು. ಗೊತ್ತಾದ ಕೂಡ್ಲೇ ಓಡಿ ಬಂದಾಳ," ಎಂದಳು ಆಪಾ.

ನನ್ನ ಮುಖ ನೋಡದೆ ಹೇಳಿದಳು. ಡಾಕ್ಟರಮ್ಮ ನನ್ನನ್ನು ನೋಡಿ ಒಳ್ಳೆಯ ಕೆಲಸ ಮಾಡಿದಿರಿ ಎಂದರು. ಆ ಹೊಗಳಿಕೆಯನ್ನು ಎಲ್ಲಿಡಲಿ?

ಆಗಸ್ಟ್ 26, ಮಂಗಳವಾರ

ಒಳ್ಳೆಯ ಗಂಟಲ್ಲ. ಆಪರೇಷನ್ ಆಗಬೇಕು, ಆಮೇಲೆ ಔಷಧಿ.

ಆಪಾ ಹೊರಗೆ ಕೂತಿದ್ದಾಗ ನಾನೊಬ್ಬಳೇ ಒಳಗೆ ಹೋಗಿ ಡಾಕ್ಟರಮ್ಮನನ್ನು ಕೇಳಿದೆ, ಹತ್ತು ಹನ್ನೆರಡು ದಿನ ಮೊದಲು ಬಂದಿದ್ದರೆ ಏನಾದರೂ ಫರಕಾಗುತ್ತಿತ್ತೇ ಎಂದು. ಹಾಗೆ ಹೇಳಲು ಬರುವುದಿಲ್ಲ ಎಂದರು. ಇಲ್ಲ ಎಂದು ಹೇಳಬಹುದಿತ್ತು, ಹೇಳಲಿಲ್ಲ. ಆಗುತ್ತಿತ್ತು ಎಂದೂ ಹೇಳಲಿಲ್ಲ. ಆಪಾನೂ ಮೊದಲು ತಡ ಮಾಡಿದ್ದಳು, ಅದು ಹೌದು. ಆಕೆ ತಡ ಮಾಡಿದ್ದು ಹೆದರಿಕೆಯಿಂದ. ನಾನು ತಡ ಮಾಡಿದ್ದು ನಾಚಿಕೆಯಿಂದ. ಹೆದರಿದವರನ್ನು ಯಾರಾದರೂ ಕ್ಷಮಿಸುತ್ತಾರೆ.

ಸವಣೂರಿನಿಂದ ಬಟ್ಟೆ ತರುವಾಗ ಏನೇನು ಬೇಕು ಎಂದು ಸಾಯಿಮಾ ಫೋನಿನಲ್ಲಿ ಕೇಳಿದಳು. ಪೆಟ್ಟಿಗೆಯಲ್ಲಿರುವ ಹಾಸು, ಕವಡೆಯ ಚೀಲ ಎರಡನ್ನೂ ತಾ ಎಂದೆ.

ಸೆಪ್ಟೆಂಬರ್ 2, ಮಂಗಳವಾರ

ನಾಳೆ ಬೆಳಿಗ್ಗೆ ಆಪರೇಷನ್.

ಮಧ್ಯಾಹ್ನ ಭಾಯಿ ಚಹಾ ಕುಡಿಯಲು ಕೆಳಗೆ ಹೋದರು. ಹಾಸನ್ನು ಆಪಾನ ಮಂಚದ ಮೇಲೆ ಬಿಚ್ಚಿದೆ. ಎಷ್ಟು ತೊಳೆದರೂ ಕಲೆ ಪೂರ್ತಿ ಹೋಗಿಲ್ಲ, ಆ ತೋಳಿನ ತುದಿ ಕಂದಿಯೇ ಇದೆ. ಆಪಾ ಅದರ ಮೇಲೆ ಬೆರಳಾಡಿಸಿದಳು. ತಪ್ಪಾಯಿತು ಎಂದೆ. ಹಾಸಿಗೂ ಸೇರಿ, ಎಲ್ಲದಕ್ಕೂ ಸೇರಿ ಹೇಳಿದೆ. ಆಕೆ ಕಲೆಯಾದ ತೋಳು ನನ್ನ ಕಡೆ ಬರುವಂತೆ ಹಾಸು ತಿರುಗಿಸಿ, ಕವಡೆ ಎತ್ತಿಕೊಂಡಳು.

ಪಕ್ಕದ ಮಂಚದ ಹೆಂಗಸು ಎದ್ದು ಕೂತು ನೋಡತೊಡಗಿದಳು. ನರ್ಸು ಒಮ್ಮೆ ಬಂದು ಗದರಿಸಿ, ಆಮೇಲೆ ತಾನೂ ಒಂದೆರಡು ಗರ ಬೀಳುವವರೆಗೆ ನಿಂತು ನೋಡಿ ಹೋದಳು. ಆಪಾ ಎಂದಿನ ಹಾಗೆ ಬಿಟ್ಟುಕೊಡದೆ ಆಡಿದಳು. ನನ್ನ ಕಾಯಿಗಳನ್ನು ಎಲ್ಲೆಲ್ಲಿ ಸಿಕ್ಕವೋ ಅಲ್ಲಲ್ಲಿ ಕಡಿದಳು. ಪ್ರತಿ ಸಲ ಕಡಿದಾಗಲೂ ನನಗೆ ಒಂಥರಾ ಸಮಾಧಾನವಾಗುತ್ತಿತ್ತು.

ಕೊನೆಗೆ ಇಬ್ಬರಿಗೂ ಸ್ವಲ್ಪವೇ ಉಳಿದಿತ್ತು. ನನ್ನ ಕೊನೆಯ ಕಾಯಿ ಸುತ್ತು ಮುಗಿಸಿ ಬಂದು ಕಲೆಯಾದ ಬಾಗಿಲಲ್ಲಿ ನಿಂತಿತು. ಆಪಾ ಕವಡೆ ಉರುಳಿಸಿದಳು. ಅಲ್ಲಿಗೆ ಬಂದು ಮುಟ್ಟಲು ಎಷ್ಟು ಬೇಕೋ ಅಷ್ಟೇ ಬಿತ್ತು.

"ಕಡಿ ಆಪಾ," ಎಂದೆ.

ಆಕೆ ಕಾಯಿ ನೋಡಿದಳು, ನನ್ನನ್ನು ನೋಡಿದಳು. ಕೈ ಆ ಕಾಯಿಯ ಹತ್ತಿರದವರೆಗೂ ಬಂತು.

"ತಡಾ ಮಾಡಿದ್ರೂ ಬಾಗಲಿಗೆ ಬಂದಾಳಲ್ಲ," ಎಂದು ತನ್ನ ಇನ್ನೊಂದು ಕಾಯಿಯನ್ನು ನಡೆಸಿದಳು.

ಒಂದೆರಡು ಗರದಲ್ಲಿ ನನ್ನ ಕಾಯಿ ಒಳಗೆ ಸೇರಿ ಹಣ್ಣಾಯಿತು. ಆಟ ನಾನು ಗೆದ್ದೆ. ಪಕ್ಕದ ಮಂಚದ ಹೆಂಗಸು ಚಪ್ಪಾಳೆ ತಟ್ಟಿದಳು. ಆಪಾ ಹಾಸು ಮಡಚಿ ತನ್ನ ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದಳು, ಈಗ ನಿದ್ದೆ ಹತ್ತಿದೆ.

ಕಡಿದಿದ್ದರೆ ನನಗೆ ಹಗುರಾಗುತ್ತಿತ್ತು.